ಯಾವ ಗದ್ದಲ?

ದಾದರ್ ಸ್ಟೇಷನ್ನಿನಿಂದ ಹೂವಿನ ಮಾರ್ಕೆಟ್ಟಿನ ಕಡೆ ಇಳಿದರೆ, ಮಳೆಗಾಲದಲ್ಲಿ, ಮೊದಲು ಮೂಗಿಗೆ ಹತ್ತುವುದು ಕೊಳೆತ ಚೆಂಡುಹೂವಿನ ವಾಸನೆ. ಅದನ್ನು ದಾಟಿದರೆ ಸೊಪ್ಪಿನವರು. ಮೊನ್ನೆ ಅಲ್ಲೊಬ್ಬ ಹೆಂಗಸು ನೀಲಿ ತಾಡಪತ್ರಿಯ ಕೆಳಗೆ ಕೂತು ಕೆಂಪು ದಂಟಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. "ಅಂಬಾಡಿ ಘ್ಯಾ ತಾಯಿ, ತಾಜೀ ಆಹೇ," ಎಂದು ಒಂದು ಎಲೆ ಚಿವುಟಿ ನನ್ನ ಮುಂದೆ ಹಿಡಿದಳು. ಹುಳಿ ವಾಸನೆ. ಹಲ್ಲು ಚುಳ್ಳೆಂದಿತು. ಬಹಳ ವರ್ಷಗಳಿಂದ ಈ ಸೊಪ್ಪನ್ನು ನಾನು ಕೊಂಡಿರಲಿಲ್ಲ, ಮನೆಯಲ್ಲೂ ಯಾರೂ ತಂದಿರಲಿಲ್ಲ. ಅವತ್ತು ಎರಡು ಕಟ್ಟು ಕೊಂಡೆ.

ಅಂಬಾಡಿ ಎಂದರೆ ನಮ್ಮ ಮನೆಯಲ್ಲಿ ಪುಂಡಿ, ಪಕ್ಕದ ಮನೆಯ ಬೂಬಮ್ಮನಿಗೆ ಅಂಬಾಡಾ. ನಮ್ಮದು ಜೋಳದ ನುಚ್ಚು, ಶೇಂಗಾ, ಬೆಳ್ಳುಳ್ಳಿ ಒಗ್ಗರಣೆ. ಆಕೆಯದು ಮಟನ್ನಿನ ಜೊತೆ. ಒಂದೇ ಸೊಪ್ಪಿಗೆ ಎರಡು ಹೆಸರಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಬರುವುದು ಎರಡು ಸಂಗತಿಗಳು ಒಂದೇ ಹೆಸರಿನ ಕೆಳಗೆ ಮಲಗಿದಾಗ. ಇದನ್ನು ನನಗೆ ಕಾಲೇಜಿನ ಡಿಬೇಟ್ ಕ್ಲಬ್ಬು ಕಲಿಸಲಿಲ್ಲ. ಡಿಗ್ರಿಯ ಕೊನೆಯ ವರ್ಷದ ಮಳೆಗಾಲದಲ್ಲಿ, ಚೆಂಬೂರಿನ ಚಾಳಿನಲ್ಲಿ, ನನ್ನ ಸ್ವಂತ ಅಜ್ಜಿ ಕಲಿಸಿದಳು.

ಅಜ್ಜಿಯನ್ನು ನಾವು ಆಯಿ ಅನ್ನುತ್ತೇವೆ. ಬೀದರ ಕಡೆ ಹಾಗೆಯೇ. ಮುಂಬಯಿಯ ಮರಾಠಿ ಗೆಳತಿಯರು ಮಾತ್ರ ಅಮ್ಮನನ್ನು ಕರೆಯುತ್ತಿದ್ದೇನೆ ಅಂದುಕೊಂಡು, "ನಿಮ್ಮಮ್ಮನಿಗೆ ಎಷ್ಟು ವಯಸ್ಸೇ?" ಎಂದು ಗಾಬರಿಯಾಗುತ್ತಿದ್ದರು. ಆಯಿಯ ಹೆಸರು ನೀಲವ್ವ. ಬೂಬಮ್ಮನ ಹೆಸರು ಖಾಜಾಬಿ. ಇಬ್ಬರೂ ಒಂದೇ ಊರಿನವರು, ಒಂದೇ ವಾರಿಗೆಯವರು. ಚೆಂಬೂರಿನ ಕಡೆ ಕಾರಖಾನೆಗಳು ಏಳುತ್ತಿದ್ದ ಕಾಲದಲ್ಲಿ ಬೂಬಮ್ಮನ ಗಂಡ ಮೊದಲು ಬಂದನಂತೆ. ಅವನೇ ಕಾಗದ ಬರೆದು ನಮ್ಮಜ್ಜನನ್ನು ಕರೆಸಿಕೊಂಡನಂತೆ. ಅಂದಿನಿಂದ ಅಕ್ಕಪಕ್ಕದ ಬಾಗಿಲು. ಗಂಡಂದಿರು ಹೋದರು, ಮಕ್ಕಳು ದೊಡ್ಡವರಾದರು, ಇವರಿಬ್ಬರು ಮಾತ್ರ ಮಧ್ಯಾಹ್ನ ಊಟ ಮುಗಿಸಿ ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಚಾಪೆ ಹಾಕಿಕೊಂಡು ಟಿಕಲಿ, ಅಂದರೆ ಹಣೆಬೊಟ್ಟು, ಅಂಟಿಸಲು ಕೂರುತ್ತಿದ್ದರು. ಅಂಗಡಿಯವನು ಮಖಮಲ್ಲಿನ ಟಿಕಲಿಗಳ ರಾಶಿ ಕೊಟ್ಟು ಹೋಗುತ್ತಿದ್ದ, ಇವರು ಕಾರ್ಡಿಗೆ ಸಾಲಾಗಿ ಹಚ್ಚಬೇಕು. ಮಳೆ ಬಿದ್ದ ದಿನ ರಿಫೈನರಿಯ ಗ್ಯಾಸಿನ ವಾಸನೆ ಕೆಳಗಿಳಿದು ಗ್ಯಾಲರಿಯಲ್ಲೇ ಬೀಡು ಬಿಡುತ್ತಿತ್ತು.

"ಏ ಬೂಬಾ, ಜಿಂದಗಿಭರ್ ಮಂದಿ ಹಣಿಗಿ ಟಿಕಲಿ ಮಾಡಿದಿ. ನಿನಗೊಂದು ಹಚ್ಚಲೇನು?"

"ನೀ ಹಚ್ಚು, ನಾ ನಿನಗ ಬುರ್ಖಾ ಹಾಕ್ತೀನಿ. ಇಬ್ರೂ ಕೂಡಿ ಸ್ಟೇಷನ್ ತನಕ ಹೋಗಿ ಬರೂಣು."

ಇಬ್ಬರಿಗೂ ನಗುವಾಗ ಹಲ್ಲಿರಲಿಲ್ಲ.

ಎರಡು ಬಾಗಿಲುಗಳ ನಡುವೆ ಒಂದು ಹಿತ್ತಾಳೆ ಬೋಗುಣಿ ಓಡಾಡುತ್ತಿತ್ತು. ಯಾರದೆಂದು ಯಾರಿಗೂ ನೆನಪಿಲ್ಲ. ಇಲ್ಲಿಂದ ಪುಂಡಿಪಲ್ಯ ಹೋದರೆ ಅಲ್ಲಿಂದ ಶೀರ್‌ಕುರ್ಮಾ ಬರುತ್ತಿತ್ತು. ಖಾಲಿ ಬೋಗುಣಿ ಮಾತ್ರ ವಾಪಸು ಬರುವಂತಿಲ್ಲ. ಅದು ನಮ್ಮ ಕಡೆಯ ರೂಢಿ. ಕೊಡಲು ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ಒಂದು ಹಸಿಮೆಣಸಿನಕಾಯಿ. ಒಮ್ಮೆ ಬರೀ ಒಂದು ಬೇವಿನ ಎಲೆ ಬಂದಿತ್ತು. ಆಯಿ ಅದನ್ನು ನೋಡಿ, "ಬೂಬಾಗ ಸಿಟ್ಟು ಬಂದದ. ಆದರ ಇನ್ನಾ ಮಾತು ಬಿಟ್ಟಿಲ್ಲ," ಎಂದು ನಕ್ಕಿದ್ದಳು.

ಆ ವರ್ಷ ನಾನು ವಾದದ ಅಮಲಿನಲ್ಲಿದ್ದೆ. ಏಳನೆಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆ, ಆಮೇಲೆ ಇಂಗ್ಲಿಷು. ಎದುರಿನವರ ಮಾತಿನಲ್ಲಿ ಸಂದು ಹುಡುಕುವುದು, ಅಲ್ಲಿ ಬೆರಳು ತೂರಿಸಿ ಅಗಲಿಸುವುದು ನನಗೆ ಊಟಕ್ಕಿಂತ ರುಚಿ. ಅಪ್ಪ ಮನೆಯಲ್ಲಿ ನನ್ನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದ್ದ. ಬೂಬಮ್ಮ ನನಗೆ ವಕೀಲಬಾಯಿ ಎಂದು ಹೆಸರಿಟ್ಟಿದ್ದಳು. ಅಂಥ ಹೊತ್ತಿನಲ್ಲಿ ನಮ್ಮ ಕನ್ನಡ ಸಂಘದವರು ಚರ್ಚಾ ಸ್ಪರ್ಧೆ ಇಟ್ಟರು. ವಿಷಯ: ಹೈದರಾಬಾದ್ ಸಂಸ್ಥಾನಕ್ಕೆ ಸೈನ್ಯ ನುಗ್ಗಿಸಿದ್ದು ಅನಿವಾರ್ಯವಾಗಿತ್ತು. ಮೊದಲ ಸುತ್ತು ಗ್ರಾಂಟ್ ರೋಡಿನಲ್ಲಿ, ಕೊನೆಯ ಸುತ್ತು ಸೆಪ್ಟೆಂಬರಿನಲ್ಲಿ ಚೆಂಬೂರಿನಲ್ಲಿ, ವಿಮೋಚನೆಯ ದಿನದ ಸಮಾರಂಭದಲ್ಲಿ. ನನಗೆ ಬಂದದ್ದು ಪರ.

ಗೊತ್ತಿಲ್ಲದವರಿಗೆ ಎರಡು ಮಾತು. ದೇಶ ಸ್ವತಂತ್ರವಾದಾಗ ಹೈದರಾಬಾದಿನ ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಬೀದರ, ಕಲಬುರಗಿ, ರಾಯಚೂರು ಎಲ್ಲ ಅವನ ಕೈಯಲ್ಲಿದ್ದವು. ಅವನ ಪರ ನಿಂತ ರಜಾಕಾರರೆಂಬ ಖಾಸಗಿ ಪಡೆ ಹಳ್ಳಿಗಳನ್ನು ಲೂಟಿ ಮಾಡಿತು, ಸುಟ್ಟಿತು, ಕೊಂದಿತು. ವರ್ಷ ಕಳೆದ ಮೇಲೆ ಭಾರತದ ಸೈನ್ಯ ನಾಲ್ಕೂ ಕಡೆಯಿಂದ ಒಳಹೊಕ್ಕಿತು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಬಂದದ್ದು ಟ್ಯಾಂಕು, ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಈ ಹೆಸರಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ನನ್ನ ಭಾಷಣದ ಆರಂಭವೇ ಅದು: "ಎದುರಾಳಿಗಳು ಈ ಹೆಸರನ್ನು ಹಿಡಿದು ನಗುತ್ತಾರೆ. ನಗಲಿ. ಹೆಸರು ಸುಳ್ಳಿರಬಹುದು, ಕೆಲಸ ಸುಳ್ಳಲ್ಲ." ಸರ್ಕಾರವೊಂದು ಶಬ್ದವನ್ನು ತೊಳೆದು ಒಣಗಿಸಿ ಮಡಚಿಟ್ಟದ್ದು ನನಗೆ ಕಾಣುತ್ತಿತ್ತು. ನನ್ನ ಮನೆಯ ಗ್ಯಾಲರಿಯಲ್ಲಿ ಅದೇ ಕೆಲಸ ನಡೆದದ್ದು ಕಾಣಲಿಲ್ಲ.

ನಮ್ಮ ಮನೆಯಲ್ಲಿ ರಜಾಕಾರ ಎನ್ನುತ್ತಿರಲಿಲ್ಲ, ಮಿಲ್ಟ್ರಿ ಎನ್ನುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಮಾತು: ಗದ್ದಲ. ಗದ್ದಲದಾಗ ಮನಿ ಸುಟ್ಟಿತು. ಗದ್ದಲದಾಗ ಅಪ್ಪ ಹೋದ. ಬೂಬಮ್ಮನದೂ ಅದೇ ಮಾತು. ಚಿಕ್ಕಂದಿನಿಂದ ಕೇಳಿದ ಆ ಶಬ್ದದ ಅರ್ಥ ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದು ನಾನು ತಿಳಿದಿದ್ದೆ. ಡಿಬೇಟ್ ಕ್ಲಬ್ಬಿನಲ್ಲಿ ಮೊದಲ ದಿನ ಹೇಳಿಕೊಡುವ ಪಾಠ: ಶಬ್ದದ ಅರ್ಥವನ್ನು ಮೊದಲು ಗೊತ್ತುಮಾಡಿಕೋ. ಯಾರೂ ತಮ್ಮ ಮನೆಯ ಶಬ್ದಗಳಿಗೆ ಆ ಪಾಠವನ್ನು ಹಚ್ಚುವುದಿಲ್ಲ.

ಒಂದು ಮಧ್ಯಾಹ್ನ ಇಬ್ಬರ ನಡುವೆ ಫೋನ್ ಇಟ್ಟು ರೆಕಾರ್ಡ್ ಒತ್ತಿದೆ.

"ಗದ್ಲದಾಗ ಪಿಂಜಾರ ದಸ್ತಗೀರಸಾಬನೇ ನಮಗ ಉಳಿಸಿದ್ದು," ಎಂದಳು ಆಯಿ. "ಇಕೀ ಅಪ್ಪ. ಊರಿನ ಗಾದಿ ಎಲ್ಲ ಅವನೇ ಹಿಂಜತಿದ್ದ. ಹೊಲ ಎಲ್ಲ ಬರೇ ಮಣ್ಣು, ಓಡಿ ಹೋಗಿ ಅಡಗಾಕ ಒಂದು ಗಿಡಾ ಇದ್ದಿದ್ದಿಲ್ಲ. ಅವ ನಮ್ಮೆಲ್ಲರಿಗೂ ತನ್ನ ಹತ್ತಿ ಕೋಣ್ಯಾಗ ಹಾಕಿ ಮ್ಯಾಲ ಹತ್ತಿ ಸುರುವಿದ. ಸೀನು ಬಂದ್ರ ಸತ್ತಂಗೇ ನಾವು."

"ಇಕಿ ಸೀನಿದಳು," ಎಂದಳು ಬೂಬಮ್ಮ. "ನಮ್ಮಪ್ಪ ಹೊರಗ ನಿಂತು ತಾನೇ ಸೀನಿದಂಗ ಮಾಡಿದ. ಮೂರು ಸರ್ತಿ."

ಇಬ್ಬರೂ ನಕ್ಕರು.

"ಮತ್ತ ನಿಮ್ಮಪ್ಪ ಹ್ಯಾಂಗ ಹೋದ್ರು, ಬೂಬಮ್ಮ?" ಎಂದು ಕೇಳಿದೆ.

ಆಕೆಯ ಕೈ ಟಿಕಲಿಯ ಮೇಲೆ ನಿಂತಿತು. "ಗದ್ಲದಾಗ ಹೋದಾ ವಕೀಲಬಾಯಿ. ಹೊಲದಾಗ ಸಿಕ್ಕಾ. ಜ್ವಾಳ ಎದಿಮಟ ಇತ್ತು, ಹುಡುಕಲಾಕ ಎರಡು ದಿನ ಹತ್ತಿತು."

ಆಯಿ ಎದ್ದು ಒಳಗೆ ಹೋಗಿ ಚಹಾಕ್ಕಿಟ್ಟಳು.

ಸಾಕ್ಷ್ಯ ಪೂರ್ತಿಯಾಗಿ ಆ ರೆಕಾರ್ಡಿಂಗಿನಲ್ಲೇ ಇತ್ತು. ಒಬ್ಬಳ ಗದ್ದಲದಲ್ಲಿ ಹೊಲ ಬರೀ ಮಣ್ಣು, ಇನ್ನೊಬ್ಬಳ ಗದ್ದಲದಲ್ಲಿ ಜೋಳ ಎದೆಮಟ್ಟ. ಊರಿನ ಯಾವ ಹುಡುಗಿಗೂ ಅಲ್ಲೇ ತಿಳಿಯುತ್ತಿತ್ತು. ನಾನು ಜೋಳವನ್ನು ಕಂಡದ್ದು ರೊಟ್ಟಿಯಲ್ಲಿ ಮಾತ್ರ.

ಎರಡು ಕಥೆಗಳ ನಡುವಿನ ತೆರವನ್ನು ನಾನು ಒಂದು ಶಬ್ದದಿಂದ ತುಂಬಿದೆ: ಆದ್ದರಿಂದ. ವಾದ ಮಾಡುವವರಿಗೆ ಇದಕ್ಕಿಂತ ಪ್ರಿಯವಾದ ಶಬ್ದವಿಲ್ಲ. "ದಸ್ತಗೀರಸಾಬ ಎಂಬ ಪಿಂಜಾರ ನಮ್ಮ ಮನೆಯವರನ್ನು ಹತ್ತಿಯ ರಾಶಿಯಲ್ಲಿ ಬಚ್ಚಿಟ್ಟ. ಆದ್ದರಿಂದ ರಜಾಕಾರರು ಅವನನ್ನು ಕೊಂದರು. ರಜಾಕಾರರಿಗೆ ಹಿಂದೂವೂ ಬೇಡ, ಮುಸಲ್ಮಾನನೂ ಬೇಡ, ಬೇಕಾದದ್ದು ಅಧಿಕಾರ. ಅಂಥವರ ಕೈಯಿಂದ ಇಬ್ಬರನ್ನೂ ಬಿಡಿಸಲು ಸೈನ್ಯವಲ್ಲದೆ ಇನ್ನಾರು ಬರಬೇಕಿತ್ತು?"

ಮನೆಯೊಳಗೆ ಕನ್ನಡಿಯ ಮುಂದೆ ನಿಂತು ಇದನ್ನು ಹೇಳಿದಾಗ ಆಯಿ ಮಂಚದ ಮೇಲೆ ಕೂತಿದ್ದಳು. ಮುಗಿದ ಮೇಲೆ ತಿರುಗಿ ನೋಡಿದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹ್ಯಾಂಗದ ಆಯಿ?"

"ಇನ್ನೊಮ್ಮೆ ಹೇಳು."

ಹೇಳಿದೆ.

"ಛಲೋ ಅದ," ಎಂದಳು. "ಹಿಂಗೇ ಹೇಳು. ಒಂದು ಮಾತೂ ಬದಲ ಮಾಡಬ್ಯಾಡ."

ಗ್ರಾಂಟ್ ರೋಡಿನ ಸುತ್ತು ಒಂದು ಹೋಟೆಲಿನ ಮಾಳಿಗೆಯಲ್ಲಿ ನಡೆಯಿತು. ಕೆಳಗಿನಿಂದ ಸಾಂಬಾರಿನ ವಾಸನೆ, ಹೊರಗೆ ಧೋ ಎಂದು ಮಳೆ. ನಾನು "ಆದ್ದರಿಂದ" ಎಂದು ನಿಲ್ಲಿಸಿದಾಗ ಇಡೀ ಮಾಳಿಗೆ ಉಸಿರು ಹಿಡಿದದ್ದು ನನಗೆ ಗೊತ್ತಾಯಿತು. ಮೊದಲ ಸ್ಥಾನ. ಸಂಘದ ಕಾರ್ಯದರ್ಶಿ ಸದಾನಂದಣ್ಣ, ಅದೇ ರಸ್ತೆಯಲ್ಲಿ ಲಾಡ್ಜ್ ನಡೆಸುವ ಕರಾವಳಿಯವರು, ಕನ್ನಡಕ ತೆಗೆದು ಒರೆಸುತ್ತ ಬಂದರು.

"ಎಂತ ಮಾತಾಡಿದ್ದು ಮಾರಾಯ್ತಿ! ಆ ಪಿಂಜಾರನ ಮನೆಯವರು ಯಾರಾದ್ರೂ ಇದ್ದಾರಾ?"

"ಅವರ ಮಗಳು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ."

"ಹಾಗಾದ್ರೆ ಫೈನಲ್ ದಿವಸ ಕರಕೊಂಡು ಬಾ. ಶಾಲು ಹೊದಿಸಿ ಸನ್ಮಾನ ಮಾಡುವ. ಜೀವಂತ ಸಾಕ್ಷಿ ಅಲ್ವಾ! ಅದಾದ ಮೇಲೆ ನಿನ್ನ ಮಾತು. ಯಾರು ಸೋಲಿಸ್ತಾರೆ ನೋಡುವ."

ಹೇಳಲು ಹೋದಾಗ ಬೂಬಮ್ಮ ಅಂಬಾಡಾ ಸೋಸುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು.

"ಸ್ಟೇಜ್ ಮ್ಯಾಲ ನಮ್ಮಪ್ಪನ ಹೆಸರ ಹೇಳ್ತೀರಿ?"

"ಹೇಳ್ತೀವಿ."

"ಮೈಕಿನಾಗ?"

"ಮೈಕಿನಾಗ."

"ಗದ್ಲದಾಗ ಕೊಂದ್ರು ಅಂತ ಹೇಳ್ತೀರಿ? ಎಲ್ಲರ ಮುಂದ?"

"ಹೂಂ, ಬೂಬಮ್ಮ. ಅದಕ್ಕೇ ಕರೀಲತ್ತೀವಿ."

ಆಕೆ ಸೊಪ್ಪನ್ನು ಬದಿಗಿಟ್ಟಳು. "ಇಷ್ಟು ವರ್ಷ ಯಾರೂ ಹೇಳಿಲ್ಲ ವಕೀಲಬಾಯಿ. ಹೇಳೋ ಹಂಗಿದ್ದಿಲ್ಲ. ಇದು... ನಿಮ್ಮ ಆಯಿಗಿ ಗೊತ್ತದ?"

"ಆಯಿನೇ ಎಲ್ಲ ಹೇಳಿಕೊಟ್ಟಾಳ."

"ನೀಲವ್ವ ಹೇಳಿಕೊಟ್ಟಾಳ?"

"ಹೌದು."

"ಖರೇನೇ? ನೀಲವ್ವ?" ಎಂದು ಮತ್ತೆ ಕೇಳಿದಳು. ನಾನು ತಲೆಯಾಡಿಸಿದೆ. ಆಕೆಯ ಮುಖದಲ್ಲಿ ಏನೋ ಸಡಿಲಾಯಿತು. "ಅಂದ್ರ ಬರ್ತೀನಿ," ಎಂದಳು. "ಅಲ್ಲಾ ನಿಮ್ಮ ಆಯಿಗಿ ಒಳ್ಳೇದ ಮಾಡ್ಲಿ."

ಆ ಮಾತನ್ನು ನಾನು ಬಂದು ಆಯಿಗೆ ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಇದನ್ನು ಒತ್ತಿ ಹೇಳಲು ಕಾರಣವಿದೆ: ಅಲ್ಲಿಂದ ಸಮಾರಂಭದವರೆಗೆ ಆಯಿಗೆ ಬಾಯಿಬಿಡಲು ಎಷ್ಟೋ ಮಧ್ಯಾಹ್ನಗಳಿದ್ದವು. ಅದೇ ಚಾಪೆ, ಅದೇ ಗ್ಯಾಲರಿ. ಬೂಬಮ್ಮನ ಜೊತೆ ಕೂತು ಅವಳು ಟಿಕಲಿ ಅಂಟಿಸುತ್ತಲೇ ಇದ್ದಳು. ಬೂಬಮ್ಮ ಅಂದು ಯಾವ ಸೀರೆ ಉಡಬೇಕೆಂದು ಕೇಳಿದಾಗ, "ಬಿಳೀದು ಉಡು, ನಿಮ್ಮಪ್ಪನ ಹತ್ತಿ ಹಂಗ ಕಾಣಸ್ತಿ," ಎಂದು ಹೇಳಿದವಳು ಆಯಿಯೇ.

ಆ ಭಾನುವಾರ ಮಳೆ ಬಿಟ್ಟಿತ್ತು. ಚೆಂಬೂರಿನ ಸಭಾಭವನ ತುಂಬಿತ್ತು. ಆಯಿ ಮೊದಲ ಸಾಲಿನಲ್ಲಿ, ಬೂಬಮ್ಮ ವೇದಿಕೆಯ ಕುರ್ಚಿಯಲ್ಲಿ, ಬಿಳಿ ಸೀರೆ, ತಲೆಯ ಮೇಲೆ ಸೆರಗು. ಕುರ್ಚಿ ದೊಡ್ಡದು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸದಾನಂದಣ್ಣ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟು, ಮೈಕು ಹಿಡಿದರು.

"ಬಂಧುಗಳೇ, ಈ ತಾಯಿಯ ತಂದೆ ದಸ್ತಗೀರ್ ಸಾಹೇಬರು, ತಮ್ಮೂರಿನ ಹಿಂದೂ ಸಹೋದರರನ್ನು ರಕ್ಷಿಸಿದ್ದಕ್ಕಾಗಿ ರಜಾಕಾರರ ಕತ್ತಿಗೆ ಬಲಿಯಾದರು. ನಮ್ಮ ಸೈನ್ಯ ಸ್ವಲ್ಪ ಬೇಗ ಬಂದಿದ್ದರೆ ಅವರೂ ಉಳಿಯುತ್ತಿದ್ದರು!"

ಚಪ್ಪಾಳೆ. ಬೂಬಮ್ಮ ಹೆಸರು ಕೇಳಿದ ಕೂಡಲೇ ತಲೆ ಎತ್ತಿದ್ದಳು. ಮುಂದಿನ ಮಾತು ಅರ್ಥವಾಗಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು, ಅದು ಗ್ರಂಥದ ಕನ್ನಡವಾಗಿತ್ತಲ್ಲ. ರಜಾಕಾರ ಎಂಬ ಶಬ್ದ ಮಾತ್ರ ಯಾವ ಕನ್ನಡದಲ್ಲೂ ಒಂದೇ. ಆಕೆ ಸದಾನಂದಣ್ಣನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮೊದಲ ಸಾಲಿನ ಕಡೆ ಬಗ್ಗಿದಳು. ಮೈಕು ಹತ್ತಿರವೇ ಇತ್ತು.

"ನೀಲವ್ವ," ಎಂದಳು. "ಪೋರಿಗಿ ನೀ ಹೇಳೇ ಇಲ್ಲೇನು?"

ಇಡೀ ಸಭೆಗೆ ಕೇಳಿಸಿತು. ಯಾರಿಗೂ ಏನೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, ಪೋರಿಯನ್ನು ಪೂರಿ ಎಂದು ಕೇಳಿಸಿಕೊಂಡು, ಮುದುಕಿ ತಿಂಡಿ ಕೇಳುತ್ತಿದ್ದಾಳೆ ಎಂದು ನಕ್ಕರು. ನಾನು ಆಯಿಯನ್ನು ನೋಡಿದೆ. ಆಯಿ ತನ್ನ ಮಡಿಲು ನೋಡುತ್ತಿದ್ದಳು.

"ಅಜ್ಜಿಗೆ ದುಃಖ ಉಕ್ಕಿ ಬಂದಿದೆ ಮಾರಾಯ್ರೆ, ಇನ್ನೊಂದು ಚಪ್ಪಾಳೆ ಕೊಡುವ!" ಎಂದರು ಸದಾನಂದಣ್ಣ.

ಚಪ್ಪಾಳೆಯ ನಡುವೆಯೇ ಬೂಬಮ್ಮ ಕುರ್ಚಿಯಿಂದ ಇಳಿದಳು. ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಹಣ್ಣಿನ ಬುಟ್ಟಿಯಿಟ್ಟು, ಗೋಡೆ ಹಿಡಿದು ಮೆಟ್ಟಿಲಿಳಿದು ಹೊರಗೆ ನಡೆದಳು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಮಾತಾಡಿದೆ. ಪಿಂಜಾರನನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ: ಭೂಗೋಳ, ನಿಜಾಮ ಮುರಿದ ಕರಾರು, ಸುಟ್ಟ ಹಳ್ಳಿಗಳು, ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶ. ಒಂದು ವಾದವೂ ತಪ್ಪಿರಲಿಲ್ಲ, ಈಗಲೂ ತಪ್ಪಿಲ್ಲ. ಸೈನ್ಯ ಬರಬೇಕಿತ್ತು ಎಂದೇ ನಾನು ಇವತ್ತೂ ವಾದಿಸುತ್ತೇನೆ, ಯಾರು ಬೇಕಾದರೂ ಎದುರು ನಿಲ್ಲಲಿ. ಆದರೆ ಬಂದ ಮೇಲೆ ಏನಾಯಿತು ಎಂದು ಕೇಳುವ ಹಕ್ಕು, ಬರಲೇಬೇಕಿತ್ತು ಎಂದವರಿಗೇ ಎಲ್ಲರಿಗಿಂತ ಹೆಚ್ಚು. ಆ ಪ್ರಶ್ನೆ ಎದುರಾಳಿಯ ತಂಡಕ್ಕೂ ಹೊಳೆದಿರಲಿಲ್ಲ. ನನಗೆ ಮೂರನೇ ಸ್ಥಾನ ಕೊಟ್ಟರು. ತೀರ್ಪುಗಾರರೊಬ್ಬರು ಬೆನ್ನು ತಟ್ಟಿ, "ಗ್ರಾಂಟ್ ರೋಡಿನಲ್ಲಿ ಹೃದಯದಿಂದ ಮಾತಾಡಿದ್ದೆಯಮ್ಮ. ಇವತ್ತು ಬರೀ ತಲೆ," ಎಂದರು.

ಮನೆಗೆ ಬರುವಾಗ ರಿಕ್ಷಾದಲ್ಲಿ ಆಯಿಯ ಪಕ್ಕ ಕೂತು ನಾನು ಫೋನ್ ಕಿವಿಗೆ ಹಿಡಿದು ಹಳೆಯ ರೆಕಾರ್ಡಿಂಗ್ ಕೇಳುತ್ತಿದ್ದೆ. ಹೊಲ ಎಲ್ಲ ಬರೇ ಮಣ್ಣು. ಜ್ವಾಳ ಎದಿಮಟ ಇತ್ತು. ಮತ್ತೆ ಹಿಂದಕ್ಕೆ ತಿರುಗಿಸಿದೆ.

ನಮ್ಮ ಹೊಸ್ತಿಲ ಮೇಲೆ ಹಿತ್ತಾಳೆ ಬೋಗುಣಿ ಇತ್ತು. ಬೂಬಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. ಸಂಜೆ ಬೆಳಕಿನಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಬಗ್ಗಿ ಎತ್ತಿಕೊಂಡೆ. ಒಳಗೆ ಏನೂ ಇರಲಿಲ್ಲ. ಸಕ್ಕರೆಯಿಲ್ಲ, ಮೆಣಸಿನಕಾಯಿಯಿಲ್ಲ, ಬೇವಿನ ಎಲೆಯೂ ಇಲ್ಲ. ಪಕ್ಕದ ಬಾಗಿಲು ಹಾಕಿತ್ತು.

ಆಯಿ ಬೋಗುಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಬಂದು ಮಂಚದ ಮೇಲೆ ಕೂತಳು. ನಾನು ಎದುರು ನಿಂತೆ.

"ಜೋಳ ಎದೆಮಟ್ಟ ಯಾವಾಗ ಬೆಳೀತದ ಆಯಿ?"

"ಭಾದ್ರಪದದಾಗ."

"ರಜಾಕಾರರು ನಿಮ್ಮ ಮನಿ ಸುಟ್ಟದ್ದು ಯಾವಾಗ?"

"ಯುಗಾದಿ ಆದ ಮ್ಯಾಲ. ಬಿಸಲಿನಾಗ."

"ಮಿಲ್ಟ್ರಿ ಬಂದದ್ದು?"

ಆಯಿ ಬೋಗುಣಿಯ ಅಂಚನ್ನು ಬೆರಳಿನಿಂದ ಸುತ್ತುತ್ತಿದ್ದಳು.

"ಮಿಲ್ಟ್ರಿ ಯಾವಾಗ ಬಂತು ಆಯಿ?"

"ಭಾದ್ರಪದದಾಗ," ಎಂದಳು.

ಆಮೇಲೆ ಹೇಳಿದಳು. ನಾನು ಕೇಳಿದ್ದಷ್ಟಕ್ಕೇ ಉತ್ತರ, ಸಾಕ್ಷಿಕಟ್ಟೆಯಲ್ಲಿ ನಿಂತವರ ಹಾಗೆ. ಬೇಸಿಗೆಯಲ್ಲಿ, ಹತ್ತಿ ಕೋಣೆ ಸೇರುವ ಮೊದಲೇ, ರಜಾಕಾರರು ಬಡಿದ ಪೆಟ್ಟಿಗೆ ಅವಳ ಅಪ್ಪ ಮಳೆಗಾಲ ಕಾಣಲಿಲ್ಲ. ಭಾದ್ರಪದದಲ್ಲಿ ಮಿಲ್ಟ್ರಿ ಬಂತು, ಊರು ದಾಟಿ ಮುಂದೆ ಹೋಯಿತು. ರಜಾಕಾರರು ಆಗಲೇ ಓಡಿಹೋಗಿದ್ದರು. ಓಡದೆ ಉಳಿದವರು ಓಡಲು ಕಾರಣವಿಲ್ಲದ ಬಡ ಮುಸಲ್ಮಾನರು: ಪಿಂಜಾರ, ಮುಲಾಣಿ, ಬಳೆಗಾರ. ಊರವರು ಕೊಡಲಿ ಹಿಡಿದು ಹೊರಟರು.

"ಯಾವ ಊರವರು?"

"ಊರವರು ಅಂದ್ರ ಊರವರು. ನಮ್ಮೂರವರು."

ದಸ್ತಗೀರಸಾಬ ಹೆಂಡತಿ ಮಗಳನ್ನು ಹೇಗೋ ಹೊರಗೆ ದಾಟಿಸಿ, ತಾನು, ಸುಟ್ಟ ಮೇಲೆ ಮತ್ತೆ ಕಟ್ಟಿಕೊಂಡಿದ್ದ ನಮ್ಮವರ ಮನೆಗೆ ಓಡಿ ಬಂದ. ಬೇರೆಲ್ಲಿಗೆ ಹೋದಾನು? ಬೇಸಿಗೆಯಲ್ಲಿ ಇಡೀ ಮನೆಯನ್ನು ಹತ್ತಿಯೊಳಗೆ ಮುಚ್ಚಿಟ್ಟವನು.

"ಬಾಗಿಲಾ ಬಡದ. ನಮ್ಮ ಕಾಕಾ ಒಳಗಿಂದ ಅಗಳಿ ಹಿಡದು ನಿಂತಿದ್ದ. ಯಾರರೆ ಅದೀರೇನು ಒಳಗ, ಯಾರರೆ ಅದೀರೇನು, ಅಂತ ಎರಡು ಸರ್ತಿ ಕರದ. ನಾ ಬಾಯಿ ತೆಗದಿದ್ದೆ, ನಮ್ಮವ್ವ ಕೈಲೆ ಒತ್ತಿ ಹಿಡದಳು. ಆ ಮ್ಯಾಲ ಹೊಲದ ಕಡಿ ಓಡಿದ ಸಪ್ಪಳ ಕೇಳಿಸ್ತು."

"ಬೂಬಮ್ಮಗ ಇದು ಗೊತ್ತದ?"

"ಗೊತ್ತದ. ಆಕಿ ಕೇಳಿಲ್ಲ, ನಾ ಹೇಳಿಲ್ಲ. ಗದ್ಲ ಅಂದ್ರ ಇಬ್ರಿಗೂ ತಿಳೀತಿತ್ತು."

ಆಗ ಮಾತ್ರ ನನ್ನ ಧ್ವನಿ ಏರಿತು. "ನಾ ರಜಾಕಾರರು ಕೊಂದ್ರು ಅಂದಾಗ ಯಾಕ ಸುಮ್ಮನಿದ್ದಿ? ಹಿಂಗೇ ಹೇಳು ಅಂದಿ. ಒಂದು ಮಾತೂ ಬದಲ ಮಾಡಬ್ಯಾಡ ಅಂದಿ!"

ಆಯಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ನೀ ಹೇಳಿದ್ದು ಕೇಳಿ ನನಗ ಖರೇ ಅನಿಸ್ತು," ಎಂದಳು. "ಹಿಂಗೇ ಆಗಿದ್ರ ಎಷ್ಟು ಛಲೋ ಇತ್ತು ಅನಿಸ್ತು. ಯಾರೋ ಬ್ಯಾರೇದವ್ರು ಕೊಂದ್ರು. ನಮ್ಮ ಬಾಗಿಲಿಗಿ ಅವ ಬರ್ಲೇ ಇಲ್ಲ. ನೀ ಓದಿದಾಕಿ, ಇಷ್ಟು ಛಂದ ಹೇಳ್ಲತಿ. ಆತ್ಮಕ್ಕ ತಂಪಾತು, ತಾಯಿ. ಇನ್ನೊಮ್ಮೆ ಕೇಳಬೇಕನಿಸ್ತು."

ಎದುರಾಳಿಯ ಸುಳ್ಳನ್ನು ಹಿಡಿಯಲು ನನಗೆ ಬರುತ್ತದೆ. ನನ್ನದೇ ಬಾಯಿಯಿಂದ ತನಗೆ ಬೇಕಾದ ಸುಳ್ಳನ್ನು ಹೇಳಿಸಿಕೊಂಡು, ಅದನ್ನು ಕೇಳಿ ಕಣ್ಣೊರೆಸಿಕೊಂಡವಳನ್ನು ಏನು ಮಾಡಬೇಕೆಂದು ಯಾವ ಕ್ಲಬ್ಬಿನಲ್ಲೂ ಹೇಳಿಕೊಟ್ಟಿರಲಿಲ್ಲ. ಆದರೆ ನನಗಾದದ್ದು ಸಣ್ಣದು. "ಎಲ್ಲರ ಮುಂದೆ ಹೇಳುತ್ತೇವೆ" ಎಂದು ಬಿಳಿ ಸೀರೆ ಉಡಿಸಿ ಕೂರಿಸಿದ್ದು ಬೂಬಮ್ಮನನ್ನು. ಆಕೆ ಅಂದು ವೇದಿಕೆ ಹತ್ತಿದ್ದು ಶಾಲಿಗಲ್ಲ. ನೀಲವ್ವ ಕೊನೆಗೂ ಬಾಯಿಬಿಟ್ಟಳು ಎಂದು ನಂಬಿ ಹತ್ತಿದಳು.

ದೀಪಾವಳಿಗೆ ಮೊದಲೇ ಮಗ ಬಂದು ಆಕೆಯನ್ನು ಮುಂಬ್ರಾಕ್ಕೆ ಕರೆದುಕೊಂಡು ಹೋದ. ಹೋಗುವಾಗ ಗ್ಯಾಲರಿಯ ಎಲ್ಲ ಬಾಗಿಲುಗಳಲ್ಲೂ ನಿಂತು ಹೇಳಿ ಹೋದಳು. ನಮ್ಮ ಬಾಗಿಲಲ್ಲಿ ನಿಂತದ್ದು ನನ್ನೆದುರು ಮಾತ್ರ. "ವಕೀಲಬಾಯಿ, ಕೇಸು ಗೆದ್ದಿಯೇನು?" ಎಂದು ಕೇಳಿದಳು. ಇಲ್ಲ ಎಂದೆ. "ನಂದೂ ಹಂಗೇ," ಎಂದು ಕೆನ್ನೆ ಸವರಿ ಹೋದಳು. ಆಯಿ ಒಳಗೆ ಅಡುಗೆ ಒಲೆಯ ಮುಂದೆ ಕೂತಿದ್ದಳು.

ಈಗ ಆ ಚಾಳೇ ಇಲ್ಲ, ಬಿಲ್ಡಿಂಗ್ ಆಗಿದೆ. ನಾವು ಆರನೇ ಮಹಡಿಯಲ್ಲಿದ್ದೇವೆ, ಗ್ಯಾಲರಿಯಿಲ್ಲ, ಎಲ್ಲರ ಬಾಗಿಲೂ ಹಾಕಿಯೇ ಇರುತ್ತದೆ. ಹಿತ್ತಾಳೆ ಬೋಗುಣಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ. ಆಯಿ ಅದನ್ನು ಬಳಸುವುದಿಲ್ಲ, ಕೊಡುವುದಿಲ್ಲ. ಅವಳ ಬಾಯಲ್ಲಿ ಗದ್ದಲ ಎಂಬ ಮಾತು ಬಂದಾಗಲೆಲ್ಲ ನಾನು "ಯಾವ ಗದ್ದಲ?" ಎಂದು ಕೇಳುತ್ತೇನೆ. ಅವಳು ಮಾತು ನಿಲ್ಲಿಸುತ್ತಾಳೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ನಡೆದದ್ದು ಇಷ್ಟೇ.

ಮೊನ್ನೆ ದಾದರಿನಿಂದ ತಂದ ಪುಂಡಿಯನ್ನು ಅವಳ ಮುಂದೆ ಸುರಿದೆ. ಆಯಿ ಒಂದು ಎಲೆಯನ್ನು ಮೂಗಿಗೆ ಹಿಡಿದಳು. ಸೋಸಲು ಶುರುಮಾಡಿದಳು. ಬೆರಳುಗಳಿಗೆ ಈಗ ಮೊದಲಿನ ಬಿಗಿಯಿಲ್ಲ. ಎಲೆ ದಂಟನ್ನು ಬಿಡಲು ತಡಮಾಡುತ್ತದೆ.

"ಗದ್ಲ ಆದ ವರ್ಷ ಪುಂಡಿ ಭಾಳ ಬೆಳದಿತ್ತು," ಎಂದಳು, ತನ್ನಷ್ಟಕ್ಕೆ.

"ಯಾವ ಗದ್ದಲ, ಆಯಿ?"

ಕೈ ನಿಂತಿತು. ಎಂದಿನಂತೆ ಮುಗಿಯಿತು ಎಂದುಕೊಂಡು ನಾನು ಏಳಹೊರಟೆ.

"ಎರಡನೇದು," ಎಂದಳು ಆಯಿ.

ನಾನು ಕೂತೆ. ಇಷ್ಟು ವರ್ಷ ಈ ಒಂದು ಮಾತಿಗಾಗಿ ಕಾದಿದ್ದೆ. ಬಂದಾಗ ಅದು ನನ್ನ ವಿಳಾಸಕ್ಕೆ ಬಂದದ್ದಲ್ಲ ಎಂದು ತಿಳಿಯಿತು. "ನನಗಲ್ಲ ಹೇಳಬೇಕಾದದ್ದು," ಎಂದೆ. ಬೂಬಮ್ಮನ ಮಗನಿಂದ ಎಂದೋ ಇಸಿದುಕೊಂಡ ನಂಬರು ನನ್ನ ಫೋನಿನಲ್ಲಿತ್ತು. ಒತ್ತಿದೆ. ಸ್ಪೀಕರಿಗೆ ಹಾಕಿ ಸೊಪ್ಪಿನ ರಾಶಿಯ ಪಕ್ಕದಲ್ಲಿಟ್ಟೆ. ಆಯಿ ಬೇಡ ಎನ್ನಲಿಲ್ಲ.

ಆ ಕಡೆ ರಿಂಗಾಯಿತು. ಆಮೇಲೆ ಧ್ವನಿ, ತೆಳ್ಳಗಾಗಿದ್ದರೂ ಆಕೆಯದೇ.

"ಹಲೋ? ಕೌನ್?"

ನಾನು ಆಯಿಯನ್ನು ನೋಡಿದೆ. ಆಯಿ ಬಾಯಿ ತೆರೆದಳು.

"ಹಲೋ? ಕೌನ್ ಬೋಲ್ತಾಯಿ?" ಆ ಕಡೆಯಿಂದ ಏದುಸಿರು ಕೇಳಿಸಿತು. ನಂತರ, ಯಾಕೋ, ಕನ್ನಡದಲ್ಲಿ: "ಯಾರರೆ ಅದೀರೇನು?"

ಆಯಿಯ ಬಲಗೈ ಸೊಪ್ಪಿನಿಂದ ಮೇಲೆದ್ದಿತು. ತನ್ನ ಬಾಯಿಯ ಮೇಲೆ ತಾನೇ ಒತ್ತಿ ಹಿಡಿದಳು, ಬೆರಳ ತುದಿಗಳು ಕೆನ್ನೆಯಲ್ಲಿ ಹೂತುಹೋಗುವಷ್ಟು.

"ಯಾರರೆ ಅದೀರೇನು ಆ ಕಡಿ?"

ಸ್ವಲ್ಪ ಹೊತ್ತು ಕಾದು ಬೂಬಮ್ಮ ಫೋನ್ ಇಟ್ಟಳು. ಆಯಿ ಕೈ ಇಳಿಸಲಿಲ್ಲ. ಅಂಗೈಯ ಪುಂಡಿಯ ಹುಳಿ ವಾಸನೆ ಅವಳ ಮುಖದ ತುಂಬ ಹತ್ತಿರಬೇಕು.